ಹೆಸರು ಬೇಡ, ಊರು ಬೇಕಾದರೆ ಹಾಕಿ

ಮಂಡಿನೋವಿಗೆ ನಾಚಿಕೆ ಅನ್ನುವುದೇ ಇಲ್ಲ. ಸಂಬಳ ಎಷ್ಟು ಅಂತ ಕೇಳಿ, ನಮ್ಮ ಜನ ಮಾತು ಮರೆಸುತ್ತಾರೆ. ಮಗಳ ವಯಸ್ಸು ಕೇಳಿ, ಎರಡು ವರ್ಷ ಕಳೆದು ಹೇಳುತ್ತಾರೆ. ಮಂಡಿ ಹೇಗಿದೆ ಅಂತ ಮಾತ್ರ ಕೇಳಿಬಿಡಿ, ಅಲ್ಲಿಗೆ ಮುಗಿಯಿತು. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ಕುಳಿತವರಲ್ಲಿ ಯಾರೋ ಒಬ್ಬರು ಏಳುವಾಗ "ಅಯ್ಯೋ ರಾಮ" ಅಂದರೆ ಸಾಕು, ಸುತ್ತಲಿನ ಆರೇಳು ಮಂಡಿಗಳ ಚರಿತ್ರೆ ಹೊರಬೀಳುತ್ತದೆ. ಒಬ್ಬರದು ಚಳುಕು, ಒಬ್ಬರದು ಸೆಳೆತ. ಒಬ್ಬರಿಗೆ ಒಳಗೊಳಗೇ ಕೊರೆಯುತ್ತದೆ, ಇನ್ನೊಬ್ಬರಿಗೆ ರಾತ್ರಿ ಮಾತ್ರ ಜುಮುಜುಮು. ಮೂಲೆಯಲ್ಲಿ ಕುಳಿತವರೊಬ್ಬರದು "ನೋವು ಅಂತಲ್ಲ ಕಣ್ರೀ, ಒಂಥರಾ". ಈ ಒಂಥರಾ ಎನ್ನುವ ಕಾಯಿಲೆಗೆ ಯಾವ ಆಸ್ಪತ್ರೆಯಲ್ಲೂ ವಾರ್ಡಿಲ್ಲ.

ರೊನಾಲ್ಡ್ ಮೆಲ್ಝಾಕ್ ಅಂತ ಒಬ್ಬ ವಿದ್ವಾಂಸರಿದ್ದರು, ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ. ರೋಗಿಗಳು ನೋವನ್ನು ಹೇಳಲು ಬಳಸುವ ಮಾತುಗಳನ್ನೇ ಆಯ್ದು, 78 ಪದಗಳನ್ನು 20 ಗುಂಪು ಮಾಡಿ, 1975ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ನೋವಿನ ವೈದ್ಯರು ಇವತ್ತಿಗೂ ಅದನ್ನು ಬಳಸುತ್ತಾರೆ. ಪುಣ್ಯಾತ್ಮ ನಮ್ಮ ಕಡೆಯ ಒಂದು ಮದುವೆಗೆ ಬಂದಿದ್ದರೆ 78ಕ್ಕೇ ನಿಲ್ಲಿಸುತ್ತಿರಲಿಲ್ಲ.

ಅಷ್ಟೆಲ್ಲ ಪದ ಯಾಕೆ ಬೇಕಾಯಿತು ಅಂತೀರಾ? ನೋವನ್ನು ಅಳೆಯುವ ಮಾಪಕವೇ ಇಲ್ಲ, ಅದಕ್ಕೆ. ಜ್ವರಕ್ಕೆ ಥರ್ಮಾಮೀಟರ್ ಇದೆ, ಸಕ್ಕರೆಗೆ ಚುಚ್ಚುವ ಸೂಜಿ ಇದೆ, ರಕ್ತದೊತ್ತಡಕ್ಕೆ ತೋಳಿಗೆ ಸುತ್ತುವ ಪಟ್ಟಿ ಇದೆ. ನೋವಿಗೆ ಏನಿದೆ? "ಸೊನ್ನೆಯಿಂದ ಹತ್ತರೊಳಗೆ ಎಷ್ಟು ಹೇಳಿ" ಅಂತ ಕೇಳುತ್ತಾರೆ, ಅಷ್ಟೆ. ಎಕ್ಸ್‌ರೇಯಲ್ಲಿ ಮಂಡಿ ಪೂರ್ತಿ ಸವೆದವರು ತಿರುಪತಿ ಬೆಟ್ಟ ಹತ್ತಿ ಬರುತ್ತಾರೆ, ಎಕ್ಸ್‌ರೇಯಲ್ಲಿ ಏನೂ ಕಾಣದವರು ಬಚ್ಚಲಿಗೆ ಹೋಗಲು ಗೋಡೆ ಹಿಡಿಯುತ್ತಾರೆ. ಹೀಗಾಗಿ ನೋವಿನ ಮಟ್ಟಿಗೆ ರೋಗಿ ಹೇಳಿದ್ದೇ ಸಾಕ್ಷಿ, ರೋಗಿಯೇ ಪ್ರತ್ಯಕ್ಷದರ್ಶಿ. ಅವನ ಮಾತನ್ನು ನಂಬಬೇಕು. ನಂಬಬೇಕಾದರೆ ಅವನು ನಿಜ ಹೇಳಬೇಕು. ಫಜೀತಿ ಶುರುವಾಗುವುದೇ ಇಲ್ಲಿ.

ನೋವನ್ನು ಸಾರುವ ನಾವು ಔಷಧಿಯನ್ನೂ ಸಾರುತ್ತೇವೆ, ಅದೂ ನಿಜ. ಅಮೃತಾಂಜನ, ಮಹಾನಾರಾಯಣ ತೈಲ, ಕೇರಳದ ಪಿಂಡತೈಲ, ಎಕ್ಕದ ಎಲೆ ಕಾಯಿಸಿ ಕಟ್ಟುವುದು, ಯಾರದೋ ಅಳಿಯ ದುಬೈಯಿಂದ ತಂದ ಸ್ಪ್ರೇ, ಎಲ್ಲವೂ ಸಾರ್ವಜನಿಕ ಆಸ್ತಿ. ಆದರೆ ಔಷಧಿ ಭಂಗಿಸೊಪ್ಪಿನದು ಅನ್ನಿ, ಆಗ ನೋಡಿ. ಅಷ್ಟೂ ಹೊತ್ತು ಮಂಡಿಯನ್ನು ಊರಿಗೇ ತೋರಿಸುತ್ತಿದ್ದವರು ಸೀರೆ ಸರಿಮಾಡಿಕೊಂಡು, "ಅದೇನೋಪ್ಪ, ನಮಗೆ ಗೊತ್ತಿಲ್ಲ" ಅಂದುಬಿಡುತ್ತಾರೆ.

ಈ ಸಂಕೋಚಕ್ಕೆ ನಮ್ಮಲ್ಲಿ ಒಂದು ಹಳೆಯ ಪರಿಹಾರವಿತ್ತು. ವಾರಪತ್ರಿಕೆಗಳ ಆರೋಗ್ಯ ಪುಟ ನೆನಪಿದೆಯೇ? ಅಂಗಡಿಯಲ್ಲಿ ಸಕ್ಕರೆ ಕಟ್ಟಿಕೊಟ್ಟ ಹಳೆಯ ಸಂಚಿಕೆಯ ಹಾಳೆಯನ್ನೂ ಬಿಚ್ಚಿ ನಾವು ಓದುತ್ತಿದ್ದುದು ಆ ಪುಟವನ್ನೇ. ಪ್ರಶ್ನೆಯ ಕೆಳಗೆ ಇರುತ್ತಿತ್ತು: "ಹೆಸರು ಬೇಡ, ಹುಬ್ಬಳ್ಳಿ". ಇನ್ನೊಂದರ ಕೆಳಗೆ "ನೊಂದ ಸೋದರಿ, ಕಡೂರು". ಊರು ಮಾತ್ರ ಬೇಕೇ ಬೇಕು! ಹುಬ್ಬಳ್ಳಿಯಲ್ಲಿ ಲಕ್ಷಾಂತರ ಜನರಿದ್ದಾರೆ, ಯಾರೆಂದು ತಿಳಿಯುವುದಿಲ್ಲ, ಸರಿ. ಆದರೆ ಚಿಕ್ಕ ಹಳ್ಳಿಯ ಹೆಸರು ಹಾಕಿ, ತನಗೆ ಇಬ್ಬರು ಹೆಂಡಿರೆಂದೂ ಎಡಗಾಲು ಸ್ವಲ್ಪ ಗಿಡ್ಡವೆಂದೂ ವಿವರ ಬರೆದವನ ಗತಿ ಏನು? ಇಡೀ ಹಳ್ಳಿ ಗುರುವಾರ ಪತ್ರಿಕೆ ಓದಿ, ಶುಕ್ರವಾರ ಅವನನ್ನು ಕಂಡಾಗ ವಿಶೇಷ ಕಾಳಜಿಯಿಂದ ಕುಶಲ ಕೇಳುತ್ತಿತ್ತು.

ಹೆಸರು ಮರೆಮಾಡುವ ಕಲೆ ನಮಗೆ ಕೂಡಿಬಂದದ್ದೇ ಇಲ್ಲ ಅಂತ ನನ್ನ ಅನುಮಾನ. ಸಾಹಿತ್ಯವನ್ನೇ ತೆಗೆದುಕೊಳ್ಳಿ. 'ಶ್ರೀನಿವಾಸ' ಎಂದರೆ ಮಾಸ್ತಿ ಅಂತ ಎಲ್ಲರಿಗೂ ಗೊತ್ತು. 'ಅಂಬಿಕಾತನಯದತ್ತ' ಅಂದರೆ ಬೇಂದ್ರೆ ಎಂದು ಶಾಲೆಯ ಹುಡುಗ ಹೇಳುತ್ತಾನೆ, ಅಲ್ಲಿಗೆ ಅವನಿಗೆ ಒಂದು ಅಂಕ. ಬೀಚಿಯವರ ನಿಜನಾಮ ರಾಯಸಂ ಭೀಮಸೇನರಾವ್ ಎನ್ನುವುದು ರಸಪ್ರಶ್ನೆಯ ಸರಕು. ಮುಚ್ಚಿಡಲೆಂದು ಇಟ್ಟ ಹೆಸರನ್ನು ಪರೀಕ್ಷೆಯಲ್ಲಿ ಕೇಳುವ ನಾಡು ಇನ್ನೆಲ್ಲಾದರೂ ಉಂಟೇ?

ಈಗ ಅಂತರ್ಜಾಲ ಬಂದಮೇಲೆ 'ಹೆಸರು ಬೇಡ, ಹುಬ್ಬಳ್ಳಿ'ಗೆ ಊರೂ ಬೇಡವಾಗಿದೆ. ಅಮೆರಿಕ, ಕೆನಡಾಗಳಲ್ಲಿ ಹತ್ತಾರು ವರ್ಷದಿಂದ ಬೆನ್ನು, ಸೊಂಟ, ನರ ನೋಯಿಸಿಕೊಂಡು, ಕೊನೆಗೆ ಗಾಂಜಾದ ಔಷಧಿಯಿಂದ ನಿದ್ದೆ ಕಂಡವರು ಎಷ್ಟೋ ಜನ ಇದ್ದಾರೆ. ಸ್ವಂತ ಹೆಸರಿನಲ್ಲಿ ಅವರು ಹಾಕುವುದು ಮೊಮ್ಮಗುವಿನ ಹುಟ್ಟುಹಬ್ಬದ ಫೋಟೋ. 'ಮುರುಕುಬೆನ್ನು' ಅಂತಲೋ ಇನ್ನೇನೋ ಮುಸುಕು ಹಾಕಿಕೊಂಡರೆ ಮಾತ್ರ ಬಾಯಿ ಬಿಡುತ್ತದೆ. ಎಷ್ಟು ತೆಗೆದುಕೊಂಡೆ, ಯಾವಾಗ ತಲೆ ತಿರುಗಿತು, ಮಲ ಕಟ್ಟಿದ್ದು, ಹೆಂಡತಿಗೆ ಹೇಳಿದ ಸುಳ್ಳು, ಮೇಲಧಿಕಾರಿಗೆ ಹೇಳಿದ ಇನ್ನೂ ದೊಡ್ಡ ಸುಳ್ಳು, ಎಲ್ಲ ಹೊರಗೆ. ಹೆಸರಿದ್ದಾಗ ಸುಳ್ಳು, ಹೆಸರಿಲ್ಲದಾಗ ನಿಜ. ಸತ್ಯಹರಿಶ್ಚಂದ್ರನಿಗೆ ಇದೊಂದು ಉಪಾಯ ಹೊಳೆದಿದ್ದರೆ ಸ್ಮಶಾನ ಕಾಯುವ ಕೆಲಸ ತಪ್ಪುತ್ತಿತ್ತೇನೋ.

ಹಾಗಂತ ಮುಸುಕಿನೊಳಗಿರುವವರೆಲ್ಲ ರೋಗಿಗಳೇ ಅಂತ ನಂಬಬೇಡಿ. ಎಣ್ಣೆ ಮಾರುವವನೂ ಅಲ್ಲೇ ಬಂದು, ತಾನೂ ನೊಂದವನೇ ಎಂದು ನರಳಿ, ಇಂಥ ಕಂಪನಿಯ ಎಣ್ಣೆಯ ಎರಡು ತೊಟ್ಟು ತನ್ನನ್ನು ಎಬ್ಬಿಸಿ ನಿಲ್ಲಿಸಿತು ಅನ್ನುತ್ತಾನೆ. ಮುಖವಿಲ್ಲದ ನೋವಿಗೂ ಮುಖವಿಲ್ಲದ ವ್ಯಾಪಾರಕ್ಕೂ ವ್ಯತ್ಯಾಸ ಹೇಗೆ ಹೇಳುತ್ತೀರಿ?

ಅಮೆರಿಕದವರು ಮುಸುಕು ಹಾಕಿಕೊಳ್ಳುವುದಕ್ಕೆ ಕಾರಣ ಬರೀ ನಾಚಿಕೆಯಲ್ಲ ಅನ್ನುವುದನ್ನೂ ಹೇಳಬೇಕು. ಅಲ್ಲಿ ಕಾನೂನು ಎರಡು ನಾಲಿಗೆಯಲ್ಲಿ ಮಾತಾಡುತ್ತದೆ. ಕ್ಯಾಲಿಫೋರ್ನಿಯಾದ ಜನ 1996ರಲ್ಲಿ ಮತ ಹಾಕಿ, ವೈದ್ಯರು ಹೇಳಿದರೆ ರೋಗಿ ಗಾಂಜಾ ಬೆಳೆಯಬಹುದು, ಬಳಸಬಹುದು ಎಂದು ಕಾನೂನು ಮಾಡಿಕೊಂಡರು. ಕೇಂದ್ರ ಸರ್ಕಾರದ ಕಣ್ಣಿಗೆ ಅದು ಅಪರಾಧವಾಗಿಯೇ ಉಳಿಯಿತು. ಆರೊವಿಲ್ ಅನ್ನುವ ಊರಿನ ಡಯಾನ್ ಮಾನ್ಸನ್ ಎಂಬಾಕೆಗೆ ಬೆನ್ನುಮೂಳೆ ಸವೆತದ ನೋವು. ಮನೆಯಲ್ಲಿ ಆರು ಗಿಡ ಬೆಳೆಸಿಕೊಂಡಿದ್ದರು. 2002ರ ಆಗಸ್ಟಿನಲ್ಲಿ ಸ್ಥಳೀಯ ಪೊಲೀಸರೂ ಕೇಂದ್ರದ ಏಜೆಂಟರೂ ಒಟ್ಟಿಗೇ ಬಂದರು. ಸ್ಥಳೀಯರು ನೋಡಿ, ಇದು ನಮ್ಮ ಕಾನೂನಿನ ಪ್ರಕಾರ ಸರಿಯಾಗಿಯೇ ಇದೆ ಅಂದರು. ಕೇಂದ್ರದವರು ಆಗದು ಅಂದರು. ಮೂರು ಗಂಟೆ ಜಗ್ಗಾಟವಾಯಿತು. ಪಾಪ, ಆ ಹೆಂಗಸು ಅಷ್ಟು ಹೊತ್ತು ನಿಂತೇ ಇದ್ದರೋ, ನೋಯುವ ಬೆನ್ನಿಗೆ ಯಾರಾದರೂ ಒಂದು ಕುರ್ಚಿ ಕೊಟ್ಟರೋ, ಕೋರ್ಟಿನ ಕಡತ ಅದನ್ನೆಲ್ಲ ಬರೆದುಕೊಳ್ಳುವುದಿಲ್ಲ. ಕೊನೆಗೆ ಆರೂ ಗಿಡ ಕಿತ್ತು ನಾಶ ಮಾಡಿದರು.

ಓಕ್‌ಲೆಂಡಿನ ಏಂಜೆಲ್ ರೈಚ್ ಎಂಬ ಇನ್ನೊಬ್ಬ ರೋಗಿಯೂ ಮಾನ್ಸನ್ನರ ಜೊತೆ ಸೇರಿ ಮೊಕದ್ದಮೆ ಹೂಡಿದರು. ರೈಚ್ ಅವರಿಗೆ ಗಿಡ ಬೆಳೆಸುವಷ್ಟು ತ್ರಾಣವಿರಲಿಲ್ಲ. ಇಬ್ಬರು ಮಹನೀಯರು ಬೆಳೆದು, ಒಂದು ಕಾಸೂ ಇಸಿದುಕೊಳ್ಳದೆ ಕೊಡುತ್ತಿದ್ದರು. ಅವರೂ ಅದೇ ಮೊಕದ್ದಮೆಯಲ್ಲಿ ವಾದಿಗಳು. ಹೆಸರು? ಜಾನ್ ಡೋ ಒಂದು, ಜಾನ್ ಡೋ ಎರಡು. ನೋವು ತಿನ್ನುವವರು ಊರಿಗೆಲ್ಲ ಹೆಸರು ಹೇಳಿ ನಿಂತರು, ಉಪಕಾರ ಮಾಡಿದವರು ಮುಸುಕು ಹಾಕಿ ನಿಂತರು. ಉಪಕಾರಕ್ಕೆ ಜೈಲು ಎಂದಾಗ ಮತ್ತೇನು ಮಾಡುತ್ತಾರೆ?

ಈ ಜಾನ್ ಡೋ ಬಹಳ ಹಳೆಯ ಕುಳ. ಇಂಗ್ಲೆಂಡಿನ ಕೋರ್ಟುಗಳಲ್ಲಿ ಜಮೀನಿನ ವ್ಯಾಜ್ಯಗಳಿಗೆ ಶತಮಾನಗಟ್ಟಲೆ ಇವನೇ ಸುಳ್ಳು ವಾದಿ, ರಿಚರ್ಡ್ ರೋ ಸುಳ್ಳು ಪ್ರತಿವಾದಿ. 1852ರಲ್ಲಿ ಅಲ್ಲಿ ಅವನಿಗೆ ನಿವೃತ್ತಿ ಕೊಟ್ಟರು, ಅಮೆರಿಕದಲ್ಲಿ ಇನ್ನೂ ಸೇವೆಯಲ್ಲಿದ್ದಾನೆ. ನಮ್ಮ ದೇಶದ ಕೋರ್ಟುಗಳಲ್ಲೂ ಸಿನಿಮಾ ಕದ್ದು ತೋರಿಸುವ ಅನಾಮಧೇಯರ ಮೇಲೆ ತಡೆಯಾಜ್ಞೆ ತರುವಾಗ ಒಬ್ಬ ಕಲ್ಪಿತ ಮನುಷ್ಯನಿದ್ದಾನೆ, ಅವನ ಹೆಸರು ಅಶೋಕ್ ಕುಮಾರ್. ದೇಶದಲ್ಲಿ ನಿಜವಾದ ಅಶೋಕ್ ಕುಮಾರರು ಲಕ್ಷಗಟ್ಟಲೆ ಇದ್ದಾರಲ್ಲ, ಅವರನ್ನು ಯಾರಾದರೂ ಒಂದು ಮಾತು ಕೇಳಿದ್ದರೇ?

ಮಾನ್ಸನ್, ರೈಚ್ ಅವರ ಮೊಕದ್ದಮೆ ಏನಾಯಿತು ಅಂತ ಕೇಳುವವರಿಗೆ ಹೇಳಿಬಿಡುತ್ತೇನೆ. ಸೋತಿತು. 2005ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 6-3ರಿಂದ ಕೇಂದ್ರದ ಪರ ಹೇಳಿತು. ಆಧಾರ ಯಾವುದು ಗೊತ್ತೇ? ಗೋಧಿ! ಓಹಿಯೋದ ಫಿಲ್‌ಬರ್ನ್ ಎಂಬ ರೈತ ಸರ್ಕಾರ ಗೊತ್ತುಮಾಡಿದ 11.1 ಎಕರೆ ಬಿಟ್ಟು 23 ಎಕರೆ ಗೋಧಿ ಬಿತ್ತಿದ್ದ. ಹೆಚ್ಚಿನದು ನನ್ನ ಮನೆಗೆ, ನನ್ನ ದನಕ್ಕೆ ಅಂದ. ಮನೆಗೆ ಬೆಳೆದುಕೊಂಡರೂ ಅಷ್ಟರಮಟ್ಟಿಗೆ ನೀನು ಪೇಟೆಯಲ್ಲಿ ಕೊಳ್ಳುವುದು ತಪ್ಪಿತಲ್ಲ, ಆದ್ದರಿಂದ ಇದು ದೇಶದ ವ್ಯಾಪಾರಕ್ಕೆ ಸಂಬಂಧಪಟ್ಟದ್ದೇ ಎಂದು 1942ರಲ್ಲಿ ಕೋರ್ಟು ಹೇಳಿತು. ಆ ತರ್ಕವೇ ಅರವತ್ತು ಚಿಲ್ಲರೆ ವರ್ಷದ ಮೇಲೆ ಮಾನ್ಸನ್ನರ ಆರು ಗಿಡದ ಮೇಲೆ ಬಂದು ಬಿತ್ತು. ಹಿತ್ತಲಲ್ಲಿ ಕರಿಬೇವು ಬೆಳೆದುಕೊಂಡಿರುವ ನನಗೆ ಅಂದಿನಿಂದ ಸ್ವಲ್ಪ ಅಳುಕು.

ಆದರೂ ಕ್ಯಾಲಿಫೋರ್ನಿಯಾದವರ ಒಂದು ಜಾಣತನಕ್ಕೆ ನಾನು ಶರಣು. ರೋಗಿಗಳಿಗೆ ಗುರುತಿನ ಚೀಟಿ ಕೊಡಬೇಕೆಂದು 2003ರಲ್ಲಿ ಶಾಸನ ಮಾಡಿದರು. ಚೀಟಿಯ ಮೇಲೆ ಫೋಟೋ ಇರಬೇಕು, ಒಂದು ಸಂಖ್ಯೆ ಇರಬೇಕು, ಎಂದಿನವರೆಗೆ ಚಲಾವಣೆ ಅಂತ ಇರಬೇಕು. ಹೆಸರು ಮಾತ್ರ ಇಲ್ಲ! ವಿಳಾಸವೂ ಇಲ್ಲ. ಗುರುತಿನ ಚೀಟಿ ಹೌದು, ಗುರುತು ಹೇಳುವುದಿಲ್ಲ. ನಮ್ಮ ಆಧಾರ್ ಕಾರ್ಡು ಇದಕ್ಕೆ ತದ್ವಿರುದ್ಧ. ಹೆಸರು, ತಂದೆ, ಮನೆ ನಂಬರು, ಅಡ್ಡರಸ್ತೆ ಎಲ್ಲ ಇರುತ್ತದೆ, ಫೋಟೋದಲ್ಲಿರುವುದು ಯಾರೆಂದು ಮಾತ್ರ ಹೆತ್ತ ತಾಯಿಗೂ ತಿಳಿಯುವುದಿಲ್ಲ.

ಮುಸುಕೇ ಬೇಡ ಅಂದವರೂ ಇದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಮೇರಿ ಜೇನ್ ರಾತ್‌ಬನ್ ಎಂಬ ಅಜ್ಜಿ, ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡುತ್ತಿದ್ದವಳು. ಅವಳ ಮಂಡಿಗಳೂ ಕೃತಕವೇ. ಗಾಂಜಾ ಬೆರೆಸಿದ ಬ್ರೌನಿ ಕೇಕು ಮಾಡಿ, ಏಡ್ಸ್ ರೋಗಿಗಳಿಗೆ ಆಸ್ಪತ್ರೆಗೇ ಹೋಗಿ ಹಂಚುತ್ತಿದ್ದಳು. ಮೊದಲು ಹಿಡಿದದ್ದು 1981ರಲ್ಲಿ. ಬಿಟ್ಟ ಮೇಲೆ ಮತ್ತೆ ಒಲೆ ಹಚ್ಚಿದಳು. 1992ರಲ್ಲಿ ಮತ್ತೆ ಹಿಡಿದರು. ಅದೇ ವರ್ಷ ನಗರಸಭೆ ಅವಳ ಹೆಸರಿನಲ್ಲಿ ಒಂದು ದಿನವನ್ನೇ ಘೋಷಿಸಿತು. ಪೊಲೀಸರು ಹಿಡಿಯುವುದು, ನಗರಸಭೆ ಹಾರ ಹಾಕುವುದು! ಆ ಸೊಪ್ಪಿಗೆ ಅಮೆರಿಕದ ಬೀದಿಮಾತಿನಲ್ಲಿ 'ಮೇರಿ ಜೇನ್' ಅಂತಲೇ ಕರೆಯುತ್ತಾರೆ ಎನ್ನುವುದು ಇನ್ನೊಂದು ತಮಾಷೆ. ಊರೆಲ್ಲ ಹೆಸರು ಬದಲಿಸಿಕೊಂಡು ಅಡಗುತ್ತಿದ್ದಾಗ ಈಯಮ್ಮ ತಂದೆತಾಯಿ ಇಟ್ಟ ಹೆಸರಿನಲ್ಲೇ ಸಿಕ್ಕಿಬಿದ್ದಳು.

ಇನ್ನೂ ಸೋಜಿಗದವರು ಫ್ಲಾರಿಡಾದ ಅರ್ವಿನ್ ರೋಸನ್‌ಫೆಲ್ಡ್, ವೃತ್ತಿಯಲ್ಲಿ ಷೇರು ದಲ್ಲಾಳಿ. ಚಿಕ್ಕಂದಿನಿಂದ ಮೂಳೆಗಳಲ್ಲಿ ಗಂಟು ಬೆಳೆಯುವ ಕಾಯಿಲೆ. ರೋಗಿಗಳ ಮೇಲೆ ಇಷ್ಟೆಲ್ಲ ದಾಳಿ ಮಾಡಿದ ಅದೇ ಕೇಂದ್ರ ಸರ್ಕಾರ ಇವರಿಗೆ 1982ರಿಂದ ತಾನೇ ಗಾಂಜಾ ಸಿಗರೇಟು ಸುತ್ತಿಸಿ, ತಗಡಿನ ಡಬ್ಬಿಯಲ್ಲಿ ತುಂಬಿ, ಡಬ್ಬಿಗೆ ಮುನ್ನೂರರಂತೆ ಕಳಿಸಿಕೊಟ್ಟಿತು. ಸೊಪ್ಪು ಬೆಳೆದದ್ದು ಮಿಸಿಸಿಪಿ ವಿಶ್ವವಿದ್ಯಾಲಯದ ಹೊಲದಲ್ಲಿ. ಅಂಥ ಭಾಗ್ಯವಂತರು ಬೆರಳೆಣಿಕೆಯಷ್ಟು. 1992ರಲ್ಲಿ ಹೊಸಬರಿಗೆ ಬಾಗಿಲು ಮುಚ್ಚಿದರು, ಹಳಬರಿಗೆ ಡಬ್ಬಿ ತಪ್ಪಿಸಲಿಲ್ಲ. ಇವರಿಗೆ ಮುಸುಕು ಯಾಕೆ ಬೇಕು ಹೇಳಿ, ಡಬ್ಬಿ ಕಳಿಸುವುದೇ ಸರ್ಕಾರ!

ಆದರೆ ಗ್ಯಾರಿ ರಾಸ್ ಎಂಬವರ ಪಾಡು ಬೇರೆ. ವಾಯುಪಡೆಯಲ್ಲಿದ್ದಾಗ ಬೆನ್ನಿಗೆ ಪೆಟ್ಟಾಗಿತ್ತು. 2001ರಲ್ಲಿ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು, ಮೂತ್ರ ಪರೀಕ್ಷೆ ಮಾಡಿಸಿ ಅಂದರು. ಮನುಷ್ಯ ಸಾಚಾ. ಪರೀಕ್ಷೆಗೆ ಮೊದಲೇ ವೈದ್ಯರ ಚೀಟಿ ತೋರಿಸಿ ನಾನು ಹೀಗೀಗೆ ಎಂದರು. ಕೆಲವೇ ದಿನಗಳಲ್ಲಿ ಕೆಲಸ ಹೋಯಿತು. ಗಾಂಜಾದ ಅಂಶ ಅಮಲಿಳಿದು ವಾರಗಳಾದರೂ ಮೂತ್ರದಲ್ಲಿ ಉಳಿದಿರುತ್ತದೆ. ರಾತ್ರಿ ನೋವಿಗೆ ತೆಗೆದುಕೊಂಡವನೂ ಹಗಲು ಅಮಲಿನಲ್ಲಿ ಬಂದವನೂ ಆ ಪರೀಕ್ಷೆಗೆ ಒಂದೇ. 2008ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟೂ ಕಂಪನಿಯ ಪರವೇ ನಿಂತಿತು. ಕೆಲಸದ ಹೊತ್ತಿನ ಹೊರಗೆ ಬಳಸಿದ್ದಕ್ಕೆ ಕೆಲಸದಿಂದ ತೆಗೆಯಬಾರದು ಎಂಬ ಕಾನೂನು ಅಲ್ಲಿ ಜಾರಿಗೆ ಬಂದದ್ದು 2024ರ ಜನವರಿಯಲ್ಲಿ. ನಿಜ ಹೇಳಿದವನಿಗೆ ಹೀಗಾದಮೇಲೆ 'ಮುರುಕುಬೆನ್ನು' ಎಂಬವನು ಹೆಸರು ಯಾಕೆ ಹೇಳುತ್ತಾನೆ? ನಾನಾಗಿದ್ದರೆ ನಾನೂ ಹೇಳುತ್ತಿರಲಿಲ್ಲ.

ನಮ್ಮ ದೇಶಕ್ಕೆ ಈ ಸೊಪ್ಪು ಹೊಸತೇನಲ್ಲ, ಹೊಸತು ನಾಚಿಕೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಿಗುವುದನ್ನು ಪತ್ರಿಕೆಗಳು ಬರೆದಿವೆ. ಮಾದಕ ವಸ್ತುಗಳ 1985ರ ಕಾಯಿದೆ ಹೂಗೊಂಚಲನ್ನೂ ಅಂಟನ್ನೂ ಹಿಡಿದು, ಬರೀ ಎಲೆ ಬೀಜಗಳನ್ನು ಬಿಟ್ಟಿತು. ಭಂಗಿ ಆ ಸಂದಿಯಲ್ಲಿ ಉಳಿದುಕೊಂಡಿದೆ. 2022ರಲ್ಲಿ ನಮ್ಮ ಹೈಕೋರ್ಟೂ ಒಬ್ಬನಿಗೆ ಜಾಮೀನು ಕೊಡುವಾಗ ಆ ಮಾತನ್ನೇ ಹೇಳಿತು. ಇನ್ನು ಕಲ್ಕತ್ತೆಯಲ್ಲಿ ಓಶಾಗ್ನೆಸಿ ಎಂಬ ಐರಿಷ್ ವೈದ್ಯರು 1830ರ ದಶಕದಲ್ಲಿ ಸಂಧಿವಾತದ ರೋಗಿಯೊಬ್ಬನಿಗೆ ಗಾಂಜಾದ ಅಂಟು ಕೊಟ್ಟು, ಏನಾಯಿತೆಂದು ಬರೆದಿಟ್ಟಿದ್ದಾರೆ. ರೋಗಿ ವಾಚಾಳಿಯಾದ. ಹಾಡು ಹೇಳಿದ. ಊಟ ಇನ್ನೂ ಬಡಿಸಿ ಎಂದು ಕೂಗಿದ. ನನಗೆ ಯಾವ ಕಾಯಿಲೆಯೂ ಇಲ್ಲ ಎಂದು ಸಾರಿದ. ಆಮೇಲೆ ಮೈಮರೆತು ಬಿದ್ದುಕೊಂಡ, ಎತ್ತಿದ ಕೈ ಎತ್ತಿದಲ್ಲೇ ನಿಲ್ಲುತ್ತಿತ್ತಂತೆ. ವೈದ್ಯರ ಹೆಸರು ಚರಿತ್ರೆಗೆ ಸೇರಿತು, ಹಾಡಿದವನದು ಸೇರಲಿಲ್ಲ. ಅವನೂ ಹೆಸರು ಬೇಡ, ಕಲ್ಕತ್ತೆ.

ನೋವಿಗೆ ಇದು ನಿಜಕ್ಕೂ ಕೆಲಸ ಮಾಡುತ್ತದೆಯೇ ಅಂತ ಕೇಳಿದರೆ, ವಿದ್ವಾಂಸರೂ ಎರಡು ಪಂಕ್ತಿ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2017ರಲ್ಲಿ, ವಯಸ್ಕರ ದೀರ್ಘಕಾಲದ ನೋವಿಗೆ ಇದರಿಂದ ಉಪಯೋಗವಿದೆ ಎನ್ನಲು ಗಟ್ಟಿ ಆಧಾರವಿದೆ ಎಂದವು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2021ರಲ್ಲಿ, ಈಗಿರುವ ಪುರಾವೆ ನೋಡಿದರೆ ನಾವು ಅನುಮೋದಿಸಲಾರೆವು ಎಂದಿತು. ಇವರಿಬ್ಬರ ನಡುವೆ ನಾನು ಬಾಯಿ ಹಾಕುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ನನಗೊಬ್ಬರು ದೊಡ್ಡಮ್ಮ ಇದ್ದಾರೆ. ಯಾವ ಕಡೆಯಿಂದ ದೊಡ್ಡಮ್ಮ ಅಂತ ಕೇಳಬೇಡಿ. ಹೆಸರೂ ಬೇಡ, ಬೇಕಾದರೆ ಫ್ರೀಮಾಂಟ್ ಅಂತ ಹಾಕಿಕೊಳ್ಳಿ, ಅಲ್ಲಿ ನಮ್ಮವರು ಬೇಕಾದಷ್ಟಿದ್ದಾರೆ. ಮಂಡಿನೋವಿಗೆ ರಾತ್ರಿ ನಿದ್ದೆಯಿಲ್ಲದೆ ಒದ್ದಾಡುವುದನ್ನು ನೋಡಲಾರದೆ ಸೊಸೆ ಅಂಗಡಿಯಿಂದ ಗಾಂಜಾದ ಗಮ್ಮಿ ತಂದುಕೊಟ್ಟಳು. ಪೆಪ್ಪರಮೆಂಟಿನ ಹಾಗೆ ಕಾಣುವ ಬಿಲ್ಲೆ, ಒಂದರಲ್ಲಿ ಹತ್ತು ಮಿಲಿಗ್ರಾಂ. ದೊಡ್ಡಮ್ಮ ಚಾಕುವಿನಿಂದ ಕತ್ತರಿಸಿ ಅರ್ಧ ತಿನ್ನುತ್ತಿದ್ದರು. ಪ್ಯಾಕೆಟ್ಟಿನ ಮೇಲೆ ಎಲೆಯ ಚಿತ್ರ ಇದ್ದದ್ದರಿಂದ ಬಿಲ್ಲೆಗಳನ್ನು ಖಾಲಿ ಹಾಜ್ಮೋಲ ಸೀಸೆಗೆ ಹಾಕಿ, ದೇವರ ಗೂಡಿನ ಮೇಲಿಟ್ಟಿದ್ದರು. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ಅವಿವೇಕ ಇನ್ನೊಂದಿಲ್ಲ, ಮಕ್ಕಳು ತೆರೆಯಲಾಗದಂಥ ಪ್ಯಾಕೆಟ್ಟು ಮಾಡಿರುವುದೇ ಅದಕ್ಕೆ. ಅದೃಷ್ಟಕ್ಕೆ ಗೂಡು ಎತ್ತರದಲ್ಲಿತ್ತು. ಮಗನಿಗೆ ಇಬ್ಬರೂ ಹೇಳಲಿಲ್ಲ. ಅವನು ಸಿಟಿಜನ್‌ಶಿಪ್ಪಿನ ಕಾಗದಪತ್ರ ತಯಾರು ಮಾಡುತ್ತಿದ್ದ, ತಾಯಿಯದೂ ಸೇರಿ. ರಾಜ್ಯದಲ್ಲಿ ಕಾನೂನುಬದ್ಧವಾದರೂ ಗಾಂಜಾ ಬಳಸಿದ್ದು ಪೌರತ್ವಕ್ಕೆ ಅಡ್ಡಿಯಾಗಬಹುದೆಂದು ವಲಸೆ ಇಲಾಖೆ 2019ರಲ್ಲಿ ಸೂಚನೆ ಹೊರಡಿಸಿತ್ತು. ಗೊತ್ತಾದರೆ ಅವನು ಆ ಸೀಸೆಯನ್ನು ಪಸಿಫಿಕ್ ಸಾಗರಕ್ಕೇ ಎಸೆದು ಬರುವ ಆಸಾಮಿ.

ಮಂಡಿ ಬದಲಿಸುವ ದಿನ ಬಂತು. ಅರಿವಳಿಕೆಯ ವೈದ್ಯರು ಗಾಂಜಾ ವಿಷಯ ಕೇಳಿಯೇ ಕೇಳುತ್ತಾರೆ. ದಿನವೂ ಹೆಚ್ಚು ಬಳಸುವವರಿಗೆ ಅರಿವಳಿಕೆ ಜಾಸ್ತಿ ಬೇಕಾಗಬಹುದು, ಎಚ್ಚರವಾದಮೇಲೆ ನೋವೂ ಹೆಚ್ಚಿರಬಹುದು. ಬಚ್ಚಿಟ್ಟರೆ ಜೀವಕ್ಕೇ ಕುತ್ತು ಬಂದೀತು. ಮನೆಯವರು ದುಭಾಷಿಯಾಗುವುದು ಆಸ್ಪತ್ರೆಗೆ ಒಪ್ಪಿಗೆಯಿಲ್ಲ, ಮಗನನ್ನು ಹೊರಗೆ ಕೂರಿಸಿದರು. ಸ್ಪೀಕರ್ ಫೋನಿನಲ್ಲಿ ಒಂದು ಹೆಣ್ಣು ಧ್ವನಿ: "ನಮಸ್ಕಾರ ಅಮ್ಮ, ನಾನು ಕನ್ನಡ ಇಂಟರ್‌ಪ್ರಿಟರ್, ನನ್ನ ಐಡಿ ನಂಬರ್ ಇಂಥದ್ದು. ನೀವು ಹೇಳಿದ್ದು ಗುಟ್ಟಾಗಿರುತ್ತೆ."

"ನಂಬರ್ ತಗೊಂಡು ಏನು ಮಾಡ್ಲಮ್ಮ, ಯಾವೂರು ನಿಂದು?"

ಇಬ್ಬರಲ್ಲಿ ಯಾರು ಏನೇ ಆಡಲಿ, ಅದನ್ನು ಇನ್ನೊಬ್ಬರಿಗೆ ಹೇಳುವುದು ದುಭಾಷಿಯ ಧರ್ಮ. ರೋಗಿ ನನ್ನ ಊರು ಕೇಳುತ್ತಿದ್ದಾರೆ ಎಂದು ಆಕೆ ವೈದ್ಯರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ವೈದ್ಯರು ತಲೆಯಾಡಿಸಿದರು.

"ಹಾಗೆಲ್ಲ ಹೇಳೋ ಹಾಗಿಲ್ಲ ಅಮ್ಮ."

"ಮಾತು ಕೇಳಿದ್ರೆ ಹಾಸನದ ಕಡೆ ಅನ್ಸುತ್ತೆ. ಮದುವೆ ಆಗಿದ್ಯಾ?"

ಅದೂ ಇಂಗ್ಲಿಷಿಗೆ ಹೋಯಿತು. ವೈದ್ಯರು ಗಡಿಯಾರ ನೋಡಿಕೊಂಡು ತಮ್ಮ ಪ್ರಶ್ನೆ ಕೇಳಿದರು, ಧ್ವನಿ ಕನ್ನಡಕ್ಕೆ ತಂದಿತು: "ಗಾಂಜಾ ಏನಾದ್ರೂ ಬಳಸ್ತೀರಾ?" ದೊಡ್ಡಮ್ಮ ಬಾಗಿಲ ಕಡೆ ನೋಡಿದರು. ಮಗ ಕಾಣಿಸಲಿಲ್ಲ. ಫೋನಿನ ಹತ್ತಿರ ಬಾಗಿ, "ಅರ್ಧ" ಎಂದರು. "ದಿನಾ ರಾತ್ರಿ. ನಮ್ಮ ಹುಡುಗನಿಗೆ ಹೇಳ್ಬೇಡ ಕಣಮ್ಮ." ಸೊಸೆಗೆ ಗೊತ್ತು, ಮಗನಿಗೆ ಗೊತ್ತಿಲ್ಲ, ಹೆಸರು ಊರು ಎರಡೂ ಇಲ್ಲದ ಒಂದು ದನಿಗೆ ಈಗ ಎಲ್ಲ ಗೊತ್ತು. ಇದನ್ನೆಲ್ಲ ದೊಡ್ಡಮ್ಮನೇ ನನಗೆ ಫೋನಿನಲ್ಲಿ ನಗುತ್ತಾ ಹೇಳಿದ್ದು, ಎಲ್ಲೂ ಬರೆಯಬೇಡ ಎಂದು ಸೇರಿಸಿ.

ವೈದ್ಯರು ಕೊನೆಯ ಸಲ ತೆಗೆದುಕೊಂಡದ್ದು ಯಾವಾಗ ಎಂದರು.

"ಮೊನ್ನೆ ರಾತ್ರಿ. ನಿನ್ನೆ ತಗೊಳ್ಳಲಿಲ್ಲ, ಏಕಾದಶಿ."

ಗಾಂಜಾ ವಿಷಯ ಒಂದೇ ಮಾತಿನಲ್ಲಿ ಮುಗಿದಿತ್ತು. ಏಕಾದಶಿಯನ್ನು ಆ ಹುಡುಗಿ ವೈದ್ಯರಿಗೆ ತಿಳಿಸಿ ಹೇಳುವಷ್ಟರಲ್ಲಿ ನರ್ಸು ಎರಡು ಸಲ ಬಾಗಿಲು ತೆರೆದು ಇಣುಕಿ ಹೋದಳಂತೆ. ಅಕ್ಕಿಯದೇನೂ ತಿನ್ನಬಾರದು ಅನ್ನುವುದರಿಂದ ಶುರುಮಾಡಿದಳಂತೆ ಅವಳು. ಮಾಧ್ವರ ಮನೆಯವಳೇ ಇರಬೇಕು ಅಂತ ದೊಡ್ಡಮ್ಮನ ಅಂದಾಜು.